ಎಳೆತ ಗೊತ್ತಾಗದ ಗಾಳ

ಮೀನು ಹಿಡಿಯುವುದೆಂದರೆ ನನಗೆ ಗೊತ್ತಿದ್ದದ್ದು ಅಪ್ಪನ ಗಾಳ ಒಂದೇ. ತೀರ್ಥಹಳ್ಳಿಯಲ್ಲಿ ತುಂಗೆಯ ಬಂಡೆಯ ಮೇಲೆ ಕೂತು, ಎರೆಹುಳ ಚುಚ್ಚಿ, ದಾರವನ್ನು ತೋರುಬೆರಳಿಗೆ ತಾಗಿಸಿಕೊಂಡು ಕಾಯುತ್ತಿದ್ದರು. ‘ಬೆರಳಿಗೆ ಗೊತ್ತಾಗ್ತದೆ’ ಎನ್ನುವುದಷ್ಟೇ ಅವರ ಪಾಠ. ಪಿಎಚ್.ಡಿ.ಗೆಂದು ಪೆನ್ಸಿಲ್ವೇನಿಯಾಕ್ಕೆ ಬಂದ ಮೇಲೆ, ಸ್ಟೇಟ್ ಕಾಲೇಜ್ ಊರಿನ ಪಕ್ಕದ ಸ್ಪ್ರಿಂಗ್ ಕ್ರೀಕ್‌ನಲ್ಲಿ ಆ ಪಾಠ ಕೈಕೊಟ್ಟಿತು.

ಸುಣ್ಣಕಲ್ಲಿನ ಸೀಮೆಯ ಹೊಳೆ ಅದು. ಒರತೆಯ ನೀರು, ಬೇಸಿಗೆಯಲ್ಲೂ ತಣ್ಣಗೆ. ಇರುವುದು ಬ್ರೌನ್ ಟ್ರೌಟ್, 1883ರಲ್ಲಿ ಜರ್ಮನಿಯಿಂದ ಮೊಟ್ಟೆಗಳಾಗಿ ಅಮೆರಿಕಕ್ಕೆ ಬಂದ ಜಾತಿ. ನೀರಿಗೆ ರಾಸಾಯನಿಕ ವಿಷ ಸೇರಿದ್ದರಿಂದ 1982ರಿಂದ ಇಲ್ಲಿ ಹಿಡಿದ ಮೀನನ್ನು ಮನೆಗೆ ಒಯ್ಯುವಂತಿಲ್ಲ, ಬಿಟ್ಟುಬಿಡಬೇಕು. ಅಪ್ಪನಿಗೆ ಹೇಳಿದಾಗ, ‘ಹಿಡಿದು ಬಿಡೋದಕ್ಕೆ ಅಷ್ಟು ದೂರ ಹೋದ್ಯಾ?’ ಎಂದು ನಕ್ಕರು.

ಟ್ರೌಟ್ ಬಹುಪಾಲು ಊಟವನ್ನು ನೀರಿನೊಳಗೇ ಮುಗಿಸುತ್ತದೆ. ಮೇಫ್ಲೈ ಎಂಬ ಕೀಟ ರೆಕ್ಕೆ ಬಂದ ಮೇಲೆ ಬದುಕುವುದು ಒಂದೆರಡು ದಿನ. ಅದಕ್ಕೆ ಮುಂಚೆ ನಿಂಫ್ ಆಗಿ ತಿಂಗಳುಗಟ್ಟಲೆ ಕಲ್ಲಿನಡಿ ಕಳೆಯುತ್ತದೆ. (ಸಂಶೋಧನಾ ವಿದ್ಯಾರ್ಥಿಗೆ ಅರ್ಥವಾಗದ ಬದುಕೇನಲ್ಲ.) ಆ ನಿಂಫನ್ನೇ ಹೋಲುವ ಕೊಕ್ಕೆಯನ್ನು ತಳಕ್ಕೆ ಇಳಿಸಬೇಕು.

ಕಟ್ಟಲು ಕಲಿಸಿದವರು ನಮ್ಮ ಪ್ರಯೋಗಾಲಯದ ಹಿರಿಯ ತಂತ್ರಜ್ಞರೊಬ್ಬರು. ತುದಿಗೆ ಹೋಗುತ್ತ ತೆಳುವಾಗುವ 9 ಅಡಿಯ ಲೀಡರ್. ಅದಕ್ಕೆ 5ಎಕ್ಸ್ ಟಿಪ್ಪೆಟ್‌ನ ತುಂಡು. ಎರಡೂ ಸೇರುವ ಗಂಟಿನ ಮೇಲೆ ಕಾಳಿನಷ್ಟು ಲೋಹದ ಗುಂಡನ್ನು ಕಚ್ಚಿಸಬೇಕು, ಗಂಟು ಅದನ್ನು ಜಾರಗೊಡುವುದಿಲ್ಲ. ಕೆಳಗೆ ಮಣಿ ಪೋಣಿಸಿದ ಭಾರದ ನಿಂಫ್. ಅದರ ಕೊಕ್ಕೆಯ ಬಾಗಿಗೇ ಇನ್ನೂ ಒಂದೂವರೆ ಅಡಿ ದಾರ ಕಟ್ಟಿ, ತುದಿಗೆ 18ನೇ ಸೈಜಿನ ಪುಟ್ಟ ಫೆಸೆಂಟ್ ಟೇಲ್. ಬಿಗಿಯುವ ಮೊದಲು ಗಂಟನ್ನು ಎಂಜಲಿನಿಂದ ಒದ್ದೆ ಮಾಡದಿದ್ದರೆ ದಾರ ಉಜ್ಜಿ ಬಿಸಿಯಾಗಿ ದುರ್ಬಲವಾಗುತ್ತದೆ. ಮೇಲೆ, ನೀರಿನ ಆಳದ ಒಂದೂವರೆ ಪಟ್ಟು ದೂರದಲ್ಲಿ, ತೇಲುವ ಕಿತ್ತಳೆ ಬಣ್ಣದ ಚೆಂಡು.

ಇನ್ನು ಗುಟ್ಟು. ಹೊಳೆಯ ತಳ ಮೇಲ್ಮೈಗಿಂತ ನಿಧಾನ. ಚೆಂಡು ನೊರೆಯ ಜೊತೆಗೇ ಓಡುತ್ತಿದ್ದರೆ ಕೊಕ್ಕೆ ತಳ ಮುಟ್ಟಿಲ್ಲವೆಂದೇ ಅರ್ಥ, ಗುಂಡು ಹೆಚ್ಚಿಸಬೇಕು. ನೊರೆಗಿಂತ ಕೊಂಚ ಹಿಂದೆ ಬಿದ್ದರೆ ಸರಿ. ಮೀನು ಕಚ್ಚಿದಾಗ ಎಳೆತವೇ ಇರುವುದಿಲ್ಲ. ಬಾಯಿಗಿಟ್ಟು, ಹುಸಿಯೆಂದು ತಿಳಿದು, ಕ್ಷಣದಲ್ಲಿ ಉಗುಳುತ್ತದೆ. ಚೆಂಡು ಒಂದಿಷ್ಟು ತಡೆಯುತ್ತದೆ, ಅಷ್ಟೇ. ಬೆರಳಿಗೆ ಗೊತ್ತಾಗುವಷ್ಟರಲ್ಲಿ ಮೀನಿಲ್ಲ. ‘ಅನುಮಾನ ಬಂದಾಗಲೆಲ್ಲ ಕಡ್ಡಿ ಎತ್ತು’ ಎಂದರು ಅವರು. ಎತ್ತಿದರೆ ಹೆಚ್ಚಾಗಿ ಕಲ್ಲು, ಪಾಚಿ.

ಎರಡನೇ ವರ್ಷದ ಫೆಬ್ರವರಿಯ ಒಂದು ಭಾನುವಾರ ಮನೆಗೆ ಫೋನು ಮಾಡಿದ್ದೆ. ಅಪ್ಪ ಎಲ್ಲಿ ಎಂದದ್ದಕ್ಕೆ ಅಮ್ಮ ಒಂದು ಉಸಿರಿನಷ್ಟು ತಡೆದು, ‘ಮಲಗಿದಾರೆ’ ಎಂದಳು. ನಾನು ಹೊಳೆಗೆ ಹೊರಡುವ ಅವಸರದಲ್ಲಿದ್ದೆ. ಅವರು ಎದೆನೋವೆಂದು ಶಿವಮೊಗ್ಗದ ಆಸ್ಪತ್ರೆಯಲ್ಲಿದ್ದರೆಂದು ತಮ್ಮ ಬಾಯಿಬಿಟ್ಟದ್ದು ಮೂರು ವಾರದ ಮೇಲೆ. ಆವತ್ತು ಹೊಳೆಯಲ್ಲಿ ಚೆಂಡನ್ನು ಎಷ್ಟು ಕಣ್ಣಿಟ್ಟು ನೋಡಿದ್ದೆನೆಂಬುದು ನನಗೆ ಈಗಲೂ ನೆನಪಿದೆ.

ಅಪ್ಪ ಚೇತರಿಸಿಕೊಂಡಿದ್ದಾರೆ, ಬಂಡೆ ಹತ್ತುವುದಕ್ಕೆ ಮಾತ್ರ ಬಿಡುತ್ತಿಲ್ಲ. ಹೋದ ಭಾನುವಾರ ಅಮ್ಮ ಮಾತಿನ ನಡುವೆ ನಿಂತಾಗ ಏನಾಯಿತೆಂದು ಕೇಳಿದೆ. ‘ಕುಕ್ಕರ್ ಕೂಗ್ತು ಮಾರಾಯ, ನಿಂಗೆ ಎಲ್ಲದಕ್ಕೂ ಅನುಮಾನ’ ಎಂದು ರೇಗಿದಳು. ಅಪ್ಪನಿಗೆ ಫೋನು ಕೊಡು ಎಂದೆ.