ಶ್ಯಾವಿಗೆಗೊಂದು ಮುಯ್ಯಿ, ಕೌದಿಗೊಂದು ಮುಯ್ಯಿ

ಯುಗಾದಿ ಮುಗಿಯಿತೆಂದರೆ ನಮ್ಮ ಎರೆಸೀಮೆಯ ಊರುಗಳಲ್ಲಿ ಹೊಲದ ಕೆಲಸ ಮುಗಿದಂತೆ. ಜೋಳ, ಕಡಲೆ, ಕುಸುಬೆ ಮನೆ ಸೇರಿರುತ್ತವೆ. ಭೂಮಿ ಬಾಯಿ ಬಿಟ್ಟುಕೊಂಡು ರೋಹಿಣಿ ಮಳೆಯ ದಾರಿ ಕಾಯುತ್ತಿರುತ್ತದೆ. ಪಟ್ಟಣದಿಂದ ಬಂದವರು, “ಇನ್ನೇನು, ಎರಡು ತಿಂಗಳು ನಿಮಗೆ ಆರಾಮ” ಎನ್ನುತ್ತಾರೆ. ಆರಾಮ ಹೊಲಕ್ಕೆ, ಮನೆಯ ಹೆಣ್ಣುಮಕ್ಕಳಿಗೆ ವರ್ಷದಲ್ಲೇ ಕೈ ಬಿಡುವಿಲ್ಲದ ಕಾಲ ಇದು. ದವನದ ಹುಣ್ಣಿಮೆಗೆ ಸವದತ್ತಿ ಎಲ್ಲಮ್ಮನ ಗುಡ್ಡ, ಅದರ ಬೆನ್ನಿಗೇ ಊರ ತೇರು, ಬಸವ ಜಯಂತಿ, ಆಗಿ ಹುಣ್ಣಿಮೆ. ನಡುನಡುವೆ ಮದುವೆ, ಕುಬುಸ, ತೊಟ್ಟಿಲು. ಶಾಲೆಗೆ ರಜೆ ಬಿದ್ದೊಡನೆ ಮಕ್ಕಳನ್ನು ಕರೆದುಕೊಂಡು ತವರಿಗೆ ಬರುವ ಹೆಣ್ಣುಮಕ್ಕಳು. ವರ್ಷಕ್ಕಾಗುವಷ್ಟು ಶ್ಯಾವಿಗೆ, ಹಪ್ಪಳ, ಸಂಡಿಗೆ, ಕೆಂಪು ಖಾರ, ಮಾವಿನಕಾಯಿ ಉಪ್ಪಿನಕಾಯಿ. ಕೌದಿ ಹೊಲಿಯುವುದೂ ಇದೇ ಎರಡು ತಿಂಗಳಲ್ಲಿ.

ಬೇರೆ ಕಾಲ ನೋಡಿ ಹೊಲಿಯಬಾರದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಕೌದಿಯೆಂದರೆ ಐದಾರು ಪದರಿನ ಹಳೆಯ ಅರಿವೆ. ಒಗೆದಾಗ ಅದು ಕುಡಿಯುವ ನೀರಿಗೆ ಲೆಕ್ಕವಿಲ್ಲ. ಹಿಂಡುವುದಕ್ಕೂ ಇಬ್ಬರು ಬೇಕು, ಮಾಳಿಗೆಗೆ ಹೊರುವುದಕ್ಕೂ ಇಬ್ಬರು ಬೇಕು. ಮೇ ತಿಂಗಳ 40 ಡಿಗ್ರಿ ಬಿಸಿಲಿಗೆ ಹರವಿದರೆ ಹೊತ್ತು ಮುಳುಗುವುದರೊಳಗೆ ಗರಿಗರಿಯಾಗುತ್ತದೆ. ಅದನ್ನೇ ಶ್ರಾವಣದಲ್ಲಿ ಒಗೆದರೆ ಒಳಪದರು ಹಸಿಯಾಗಿಯೇ ಉಳಿದು ಮುಗ್ಗಲು ವಾಸನೆ ಹಿಡಿಯುತ್ತದೆ. ಮೇಲಾಗಿ ಕೌದಿ ಬೇಕಾಗುವುದೇ ಮಳೆ ಹಿಡಿದ ಮೇಲೆ. ಮೃಗಶಿರಾ ಮಳೆಗೆ ಹೆಸರು ಬಿತ್ತಲು ಹೊರಟೆವೆಂದರೆ ಆಮೇಲೆ ಸೂಜಿಯ ಮಾತೇ ಇಲ್ಲ. ಹೀಗಾಗಿ ಜಾತ್ರೆ, ಮದುವೆ, ಶ್ಯಾವಿಗೆಗಳ ಸಂದಿಯಲ್ಲಿಯೇ ಕೌದಿಗೂ ಜಾಗ ಆಗಬೇಕು.

ಆ ಜಾಗ ಆಗುವುದು ಮುಯ್ಯಿಯಿಂದ. ಇವತ್ತು ನಿಮ್ಮ ಮನೆಯ ಶ್ಯಾವಿಗೆಗೆ ನಾನು ಬಂದರೆ ನಾಡಿದ್ದು ನಮ್ಮ ಮನೆಯ ಕೌದಿಗೆ ನೀವು ಬರಬೇಕು. ಯಾರೂ ಬರೆದಿಡುವುದಿಲ್ಲ, ಯಾರೂ ಮರೆಯುವುದೂ ಇಲ್ಲ. ಹೊಲಿಗೆಗೆ ಸಮಯ ಮಾಡಿಕೊಳ್ಳಬೇಕಾದರೆ ಬಾಗಿಲು ಹಾಕಿಕೊಂಡು ಕೂರಬೇಕು ಎಂಬ ಮಾತು ದೊಡ್ಡ ಊರಿನಲ್ಲಿ ನಡೆದೀತು. ನಮ್ಮ ಓಣಿಯಲ್ಲಿ ಹಗಲು ಬಾಗಿಲು ಹಾಕಿದರೆ ಯಾರಿಗೋ ಹುಷಾರಿಲ್ಲವೆಂದು ತಿಳಿದು ಇನ್ನಷ್ಟು ಜನ ಬರುತ್ತಾರೆ! ಅದಕ್ಕೇ ನಮ್ಮ ಮನೆಯಲ್ಲಿ ಅತ್ತೆಯವರ ಕಾಲದಿಂದ ಒಂದು ರೂಢಿ ನಡೆದುಬಂದಿದೆ. ಕೌದಿ ಹಾಸಿದ ದಿನ ಪಡಸಾಲೆಗೆ ಬಂದು ಕುಳಿತವರ ಕೈಗೆ ಮೊದಲು ನೀರು, ಆಮೇಲೆ ಸೂಜಿ.

ಹಾಸುವುದೇ ಒಂದು ಕೆಲಸ. ಒಬ್ಬರು ಹೊದೆಯುವ ಕೌದಿಗೆ 8 ವಾರದ ಹಳೆಯ ಇಳಕಲ್ ಸೀರೆ ಒಂದಿದ್ದರೆ ಸಾಕು. ನಾಲ್ಕು ಮಡಿಕೆ ಮಾಡಿದರೆ ಸರಿಯಾಗಿ 6 ಅಡಿ ಉದ್ದ, ಅಗಲ ಸೀರೆಯದೇ. ನಾಲ್ಕು ಪದರು ಅಲ್ಲಿಯೇ ಸಿಕ್ಕಿತು. ನೆಲಕ್ಕೆ ನೀರು ಚಿಮುಕಿಸಿ, ಒರೆಸಿ, ಆರಿದ ಮೇಲೆ ಸೀರೆ ಹಾಸಿ ನಾಲ್ಕು ಮೂಲೆಗೂ ಕಲ್ಲು ಇಡುತ್ತೇವೆ. ಪದರುಗಳ ನಡುವೆ ಮೆತ್ತಗಾದ ಧೋತರ. ಎಲ್ಲಿಯೂ ಮಡಿಕೆ ಬೀಳದಂತೆ ಅಂಗೈಯಿಂದ ನಡುವಿನಿಂದ ಅಂಚಿಗೆ ಸವರಬೇಕು. ಮೇಲಿನ ಪದರಿಗೆ ಚಂದದ ತುಂಡುಗಳು: ಗುಳೇದಗುಡ್ಡದ ಖಣ, ಯಾರದೋ ಲಂಗದ ಅಂಚು, ಶಾಲೆಯ ನೀಲಿ ಅಂಗಿಯ ಬೆನ್ನು. ಖಣದ ತುಂಡು ಮೂಲೆಗೆ ಬರಬೇಕೋ ನಡುವೆ ಬರಬೇಕೋ ಎಂಬುದರ ಮೇಲೆ ಅರ್ಧ ತಾಸು ಚರ್ಚೆಯಾದರೂ ಯಾರಿಗೂ ಬೇಸರವಿಲ್ಲ. ಆ ಚರ್ಚೆಗೆ ಹೋಗುವ ಸಮಯ ನನ್ನ ಪ್ರಕಾರ ದಂಡವಲ್ಲ. ಕೌದಿ ಚಂದ ಆಗುವುದು ಅಲ್ಲಿಯೇ.

ಆಮೇಲೆ ನಾಲ್ಕು ಮಗ್ಗಲಿಗೆ ನಾಲ್ವರು ಕೂರುತ್ತಾರೆ. ದೊಡ್ಡ ಸೂಜಿ, ಎರಡೆಳೆ ದಾರ, ಬೆರಳಿಗೆ ಸುತ್ತಿಕೊಂಡ ಅರಿವೆಯ ಚೂರು. ಎಡಗೈ ಕೌದಿಯ ಕೆಳಗಿರುತ್ತದೆ. ಸೂಜಿಯ ಮೊನೆ ಎಲ್ಲ ಪದರು ದಾಟಿ ಬಂದಿತೆಂಬುದನ್ನು ಹೇಳುವುದು ಆ ಕೈಯ ಬೆರಳೇ. ಮೊನೆ ತಾಗಿದೊಡನೆ ತಿರುಗಿಸಿ ಮೇಲಕ್ಕೆ ಎತ್ತಬೇಕು. ಸೂಜಿಯ ಮೇಲೆ ಮೂರು ನಾಲ್ಕು ಹೊಲಿಗೆ ತುಂಬಿಸಿಕೊಂಡು ಒಮ್ಮೆಲೇ ದಾರ ಎಳೆದರೆ ಸಾಲು ನೆಟ್ಟಗೆ ಬರುತ್ತದೆ, ಅರಿವೆ ಮುದುಡುವುದಿಲ್ಲ. ಒಬ್ಬೊಬ್ಬರ ಕೈ ಒಂದೊಂದು ತರಹ. ನಮ್ಮ ಅತ್ತೆಯವರ ಹೊಲಿಗೆ ಜೋಳದ ಕಾಳಿನಷ್ಟು ಗಿಡ್ಡ, ಎದುರುಮನೆ ಕಾಕುವರದು ಅದರ ಎರಡರಷ್ಟು. ಸಾಲುಗಳು ನಡುವೆ ಬಂದು ಕೂಡಿದಾಗ ಯಾವ ಸಾಲು ಯಾರದೆಂದು ಕಣ್ಣಿಗೆ ಬೀಳುತ್ತದೆ. ಅದನ್ನು ಯಾರೂ ಬಿಚ್ಚಿ ಸರಿ ಮಾಡುವುದಿಲ್ಲ. ಕಾಕುವರ ಉದ್ದ ಹೊಲಿಗೆಯಿರುವ ಕೌದಿಯನ್ನೇ ಹೊದೆಯಬೇಕೆಂದು ನನ್ನ ಮಗ ಹಟ ಹಿಡಿಯುತ್ತಿದ್ದ, ಆ ಮಗ್ಗಲು ಮೆತ್ತಗಿರುತ್ತದೆ ಎಂದು.

ಗದ್ದಲದ ಬೇಸಿಗೆಗೆ ಕೌದಿ ಹೊಂದಿಕೊಳ್ಳುವುದೂ ಇದಕ್ಕೇ. ಎದ್ದು ಹೋಗಬಹುದು, ಬಂದು ಮತ್ತೆ ಹಿಡಿಯಬಹುದು. ಬೀಗರು ಬಂದರೆ ಸೂಜಿಯನ್ನು ಸಾಲಿನ ತುದಿಗೆ ಚುಚ್ಚಿ ಚಹಾಕ್ಕೆ ಏಳುತ್ತೇವೆ. ಆ ಸೂಜಿಯನ್ನು ಬೀಗಿತಿಯೇ ಹಿಡಿದು ಎರಡು ಸಾಲು ಹಾಕಿರುತ್ತಾಳೆ. ಮಕ್ಕಳು ದಾರ ಪೋಣಿಸಿ ಕೊಡುತ್ತಾರೆ. ರಜೆಗೆ ಬಂದ ಗಂಡುಹುಡುಗರಿಗೂ ಒಂದು ಮೂಲೆ ಕೊಡಬೇಕು. ಕೈಗೆ ಕೆಲಸ ಬಂದರೆ ಮೊಬೈಲ್ ತಾನೇ ಕೆಳಗೆ ಬರುತ್ತದೆ. ಊರಿಂದೂರಿಗೆ ಹೋಗಿ ಕೌದಿ ಹೊಲಿದುಕೊಡುವ ಗೊಂದಲಿಗರ ಹೆಣ್ಣುಮಕ್ಕಳು ನಮ್ಮೂರ ಗುಡಿಯ ಕಟ್ಟೆಗೆ ಬಂದು ಕೂರುತ್ತಿದ್ದ ದಿನಗಳಲ್ಲಿ ಅವರ ಕೈಯ ವೇಗ ನೋಡಿ ಓಣಿಯೇ ನಿಲ್ಲುತ್ತಿತ್ತು. ಅಂಥ ಕೈಗೆ ಸಿಗಬೇಕಾದ ಕೂಲಿ ಎಂದೂ ಸಿಕ್ಕಿಲ್ಲ. ಪೇಟೆಯಲ್ಲಿ ಅಗ್ಗದ ಬ್ಲಾಂಕೆಟ್ ಇಟ್ಟುಕೊಂಡು ಅದರ ಬೆಲೆಗೆ ಕೌದಿಯನ್ನು ತೂಗುವುದು ನನಗೆ ಸರಿ ಕಾಣುವುದಿಲ್ಲ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳ ಕವಂದಿಯ ಕ್ರಮ ಬೇರೆ. ಅವರು ಒಂದು ಅಂಚಿನಿಂದ ಹೊರಟು, ತುಂಡು ಸೇರಿಸುತ್ತ, ಸುತ್ತು ಸುತ್ತಾಗಿ ಒಳಗೆ ಬಂದು ನಡುವೆ ಮುಗಿಸುತ್ತಾರೆ. ಮೂಲೆಗಳಿಗೆ ಅರಿವೆ ಮಡಚಿ ಮಾಡಿದ ‘ಫೂಲ’ ಇರಲೇಬೇಕು. ಹಾಗೆ ಸುತ್ತು ಬರುವ ಹೊಲಿಗೆಯನ್ನು ಒಬ್ಬಳೇ ಕುಳಿತು, ಬಿಡುವಾದಾಗ ಹಿಡಿದು, ಬಿಟ್ಟು, ಮತ್ತೆ ಹಿಡಿದು ಮುಗಿಸಬಹುದು. ಕಾಡಂಚಿನಲ್ಲಿ ದೂರ ದೂರ ಮನೆಗಳಿರುವ ಕಡೆಗೆ ಅದು ಒಪ್ಪುತ್ತದೆ. ಗೋಡೆಗೆ ಗೋಡೆ ಹತ್ತಿದ ನಮ್ಮ ಓಣಿಗೆ ನಾಲ್ಕು ಮಗ್ಗಲಿನ ಹೊಲಿಗೆ ಒಪ್ಪುತ್ತದೆ ಎಂದು ನನಗೆ ಅನ್ನಿಸುತ್ತದೆ.

ಮುಯ್ಯಿಗೆ ಬಗ್ಗದ ಹೊಲಿಗೆಯೂ ಒಂದಿದೆ, ಕಸೂತಿ. ಬೇಸಿಗೆಯ ನಿಜವಾದ ಇಕ್ಕಟ್ಟು ಇರುವುದು ಇಲ್ಲಿ. ಮದುಮಗಳಿಗೆ ಕೊಡುವ ಚಂದ್ರಕಾಳಿ ಸೀರೆಯ ಸೆರಗಿಗೆ ಕಸೂತಿ ಆಗಬೇಕು, ಮುಹೂರ್ತ ಮೇ ತಿಂಗಳಲ್ಲಿ. ಕಸೂತಿಯಲ್ಲಿ ಅರಿವೆಯ ಮೇಲೆ ಗೆರೆ ಎಳೆದುಕೊಳ್ಳುವ ರೂಢಿಯಿಲ್ಲ. ಎಳೆ ಎಣಿಸಿಯೇ ಗೋಪುರ, ತೇರು, ತುಳಸಿಕಟ್ಟೆ, ಅಂಬಾರಿಯ ಆನೆ ಎಲ್ಲವೂ ಮೂಡಬೇಕು. ಗಾವಂತಿ, ಮುರಗಿ, ನೇಗಿ, ಮೆಂತಿ ಎಂದು ನಾಲ್ಕು ಬಗೆ. ನೇಗಿ, ಮೆಂತಿಗಳಿಗೆ ಅಷ್ಟಿಷ್ಟು ಸಡಿಲ ಉಂಟು. ಗಾವಂತಿಗೆ ಇಲ್ಲ. ನಾಲ್ಕು ಎಳೆ ಮೇಲೆ, ನಾಲ್ಕು ಎಳೆ ಕೆಳಗೆ ಎಂದು ಎಣಿಸುತ್ತ ಹೋಗುವುದು, ತುದಿ ಮುಟ್ಟಿದ ಮೇಲೆ ಬಿಟ್ಟ ಜಾಗವನ್ನೆಲ್ಲ ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುವುದು. ಗಂಟು ಹಾಕುವಂತಿಲ್ಲ. ಎರಡೂ ಮಗ್ಗಲು ಒಂದೇ ಸಮ ಕಾಣಬೇಕು. ಹೋಗುವಾಗಲೇ ಯಾವ ಕವಲಿಗೆ ಯಾವಾಗ ತಿರುಗಿ ಬರಬೇಕೆಂದು ತಲೆಯಲ್ಲಿ ಹಿಡಿದಿಟ್ಟುಕೊಂಡಿರಬೇಕು. ನಡುದಾರಿಯಲ್ಲಿ “ವೈನಿ, ಸಕ್ರಿ ಡಬ್ಬಿ ಎಲ್ಲೈತ್ರಿ?” ಎಂದು ಯಾರಾದರೂ ಕೂಗಿದರೆ ಎಣಿಕೆ ಹಾರಿಹೋಗುತ್ತದೆ. ಇನ್ನೊಬ್ಬರ ಕೈಗೆ ಕೊಡೋಣವೆಂದರೆ ದಾರದ ಬಿಗಿ ಬೇರೆಯಾಗಿ ಆನೆಯ ಸೊಂಡಿಲು ಒಂದು ಕಡೆ ಸೇದಿಕೊಳ್ಳುತ್ತದೆ. ಕಪ್ಪು ಸೀರೆಯ ಎಳೆ ಕಾಣಲು ಹಗಲ ಬೆಳಕೇ ಬೇಕು. ಮಧ್ಯಾಹ್ನದ ಝಳಕ್ಕೆ ಬೆರಳು ಬೆವೆತು ದಾರ ಮಾಸುತ್ತದೆ. ಉಳಿಯುವುದು ಬೆಳಗಿನ ಹೊತ್ತು ಮಾತ್ರ, ಬೆಳಕು ಹರಿದಾಗಿನಿಂದ ಬಿಸಿಲು ಕಟ್ಟೆಗೆ ಬರುವ ತನಕ.

ಆ ಹೊತ್ತನ್ನು ಕೇಳಿ ಪಡೆಯಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹತ್ತು ಜನಕ್ಕೆ ರೊಟ್ಟಿ ಬಡಿಯುವುದಕ್ಕಿಂತ ಒಂದು ತಾಸು ತನಗಾಗಿ ಕೇಳುವುದು ಕಷ್ಟ. ಕಸೂತಿ ಚಂದವಿದೆ ಎಂದು ಮದುವೆಯ ಮಂಟಪದಲ್ಲಿ ಎಲ್ಲರೂ ಸೆರಗು ಹಿಡಿದು ನೋಡುತ್ತಾರೆ. ಅದನ್ನು ಹಾಕುವವಳಿಗೆ ಬೆಳಗಿನ ಚಹಾ ಬೇರೆಯವರು ಮಾಡಿಕೊಟ್ಟಿದ್ದರೆ ಚಂದವಾಗಿರುತ್ತಿತ್ತು ಎಂದು ಯಾರೂ ಹೇಳುವುದಿಲ್ಲ. ನಾನು ಹೇಳುತ್ತೇನೆ. ಸೊಸೆಯಂದಿರಿಗೂ, ಸೊಸೆಯಂದಿರ ಗಂಡಂದಿರಿಗೂ ಹೇಳುತ್ತೇನೆ. ನಮ್ಮ ಮನೆಯಲ್ಲಿ ಈಗ ಬೆಳಗಿನ ಚಹಾ ಗಂಡಸರದು, ಅಂಗಳದ ನೀರು ಹುಡುಗರದು. ಕಟ್ಟೆಯ ಮೇಲೆ ಕಸೂತಿ ಹಿಡಿದು ಕುಳಿತವಳನ್ನು ಯಾರೂ ಕರೆಯುವಂತಿಲ್ಲ. ಇಷ್ಟಾಗುವುದಕ್ಕೆ ವರ್ಷಗಳು ಹಿಡಿದವು.

ಈಚೆಗೆ ಇನ್ನೊಂದು ಚಿಂತೆ ಹತ್ತಿದೆ. ಟ್ರಂಕಿನಲ್ಲಿ ಹತ್ತಿಯ ಹಳೆಯ ಅರಿವೆ ಕಡಿಮೆಯಾಗುತ್ತಿದೆ. ಈಗಿನ ಪಾಲಿಯೆಸ್ಟರ್ ಸೀರೆ ಹರಿಯುವುದಿಲ್ಲ, ಮೆತ್ತಗಾಗುವುದೂ ಇಲ್ಲ. ಪದರು ಪದರಿನ ಮೇಲೆ ಜಾರುತ್ತದೆ, ಬೆವರು ಹೀರುವುದಿಲ್ಲ, ಹೊದ್ದರೆ ಮೈ ಸೆಕೆಯಾಗುತ್ತದೆ. ಅದಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳಿಗೆ, ಸ್ವೀಟ್ ಡಬ್ಬಿ ಬೇಡ, ಹಳೆಯ ಹತ್ತಿ ಅರಿವೆ ಇದ್ದರೆ ತನ್ನಿ ಎಂದು ಹೇಳಿ ಕಳಿಸುತ್ತೇವೆ. ಹುಬ್ಬಳ್ಳಿಯಿಂದ, ಪುಣೆಯಿಂದ ಚೀಲ ಚೀಲ ಬರುತ್ತದೆ.

ನಮ್ಮ ಸಣ್ಣ ಸೊಸೆಗೆ ಆಷಾಢದಲ್ಲಿ ದಿನ ತುಂಬುತ್ತವೆ. ಕೂಸಿಗೆಂದು ಅವಳ ಅಜ್ಜನ ಧೋತರದ ಒಂದು ಸಣ್ಣ ಕೌದಿ ಹಾಸಿದ್ದೇವೆ, ಮೂರು ಮಗ್ಗಲು ಆಗಿದೆ. ಸೆರಗಿನ ಗೋಪುರಕ್ಕೆ ಇನ್ನೂ ಕಳಸ ಬರಬೇಕು. ನಿನ್ನೆ ಸಂಜೆ ಎದುರುಮನೆ ಕಾಕು ಬಂದು, “ನಾಳಿಗೆ ನಮ್ಮನ್ಯಾಗ ಶ್ಯಾವಿಗಿ ಐತಿ. ಐದಕ್ಕ ಬಾ, ಹಿಟ್ಟು ನಾದಿ ಇಟ್ಟಿರ್ತೀನಿ” ಎಂದರು.

“ಏಳರ ತನಕ ಕಸೂತಿಗೆ ಕುಂದರ್ತೀನ್ರಿ ಕಾಕು. ಆಮ್ಯಾಲೆ ಬರ್ತೀನಿ, ಮಧ್ಯಾಹ್ನದ ಮಟ ಇರ್ತೀನಿ.”

ಕಾಕು ಬಾಗಿಲ ಹತ್ತಿರ ನಿಂತು ಲೆಕ್ಕ ಹಾಕಿದರು. “ಆತು. ಬರೂ ಮುಂದ ಆ ದೊಡ್ಡ ಸೂಜಿ ಅಷ್ಟು ತಗೊಂಡು ಬಾ. ಊಟಾ ಆದಮ್ಯಾಲೆ ನಂದೂ ಒಂದು ಕೌದಿ ಹಾಸೂದೈತಿ.”