ಚೌಕದೊಳಗೆ ಸಿಕ್ಕ ಮೈಂದರ್ಗಿ

ನಾನು ಸಣ್ಣವನಿದ್ದಾಗ ಮೈಂದರ್ಗಿಯ ನಮ್ಮ ಮನೆಯಲ್ಲಿ ಎರಡು ಆಕಾಶವಾಣಿ ಕೇಳುತ್ತಿದ್ದೆವು. ಸೊಲ್ಲಾಪುರದ್ದು ಮರಾಠಿಯಲ್ಲಿ ಮಧ್ಯ ಮಹಾರಾಷ್ಟ್ರದ ಮಳೆ ಹೇಳಿದರೆ, ಕಲಬುರಗಿಯದು ಕನ್ನಡದಲ್ಲಿ ಉತ್ತರ ಒಳನಾಡಿನದು. "ಎರಡೂ ಕೇಳಿದ್ವಿ, ನಮ್ಮ ಹೊಲದ ಮಳಿ ಒಂದರಾಗೂ ಬರಲಿಲ್ಲ" ಅನ್ನುತ್ತಿದ್ದ ಅಪ್ಪ. ಬರುವುದಾದರೂ ಹೇಗೆ? ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು ಸುರಿಯುವ ಮಹಾಬಳೇಶ್ವರವೂ ಮಧ್ಯ ಮಹಾರಾಷ್ಟ್ರ, ಆರೇಳು ನೂರು ಬಿದ್ದರೆ ಹಿಗ್ಗುವ ನಮ್ಮ ಅಕ್ಕಲಕೋಟೆ ತಾಲೂಕೂ ಮಧ್ಯ ಮಹಾರಾಷ್ಟ್ರ.

ಹವಾಮಾನದ ಮುನ್ಸೂಚನೆ ಲೆಕ್ಕ ಹಾಕುವ ಗಣಕಯಂತ್ರದ ಕಷ್ಟವೂ ಇದೇ ಎಂಬುದು ಎಷ್ಟೋ ವರ್ಷದ ಮೇಲೆ ತಿಳಿಯಿತು. ಅದು ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡು, ಒಂದೊಂದು ಚೌಕಕ್ಕೆ ಒಂದೇ ಗಾಳಿ, ಒಂದೇ ತೇವ, ನೆಲಕ್ಕೂ ಒಂದೇ ಎತ್ತರ ಇಟ್ಟುಕೊಂಡು ಲೆಕ್ಕ ಮಾಡುತ್ತದೆ. 90ರ ದಶಕದಲ್ಲಿ ದೆಹಲಿಯಲ್ಲಿ ಓಡುತ್ತಿದ್ದ ಮಾದರಿಯ ಚೌಕ ಸುಮಾರು 150 ಕಿ.ಮೀ. ಅಗಲ. ಕೊಂಕಣದ ದಂಡೆ, ಘಟ್ಟದ ನೆತ್ತಿ, ಆಚೆಯ ಬಯಲು ಎಲ್ಲ ಸರಾಸರಿಯಲ್ಲಿ ಕಲೆತು ಸಹ್ಯಾದ್ರಿ ತಗ್ಗು ದಿಬ್ಬವಾಗುತ್ತಿತ್ತು. ಮೋಡ ತಡೆಯುವ ಗೋಡೆಯೇ ತಗ್ಗಿದ ಮೇಲೆ ಅದರ ಬೆನ್ನಿಗಿರುವ ನಮ್ಮ ಮಳೆನೆರಳಿನ ಸೀಮೆ ಸರಿಯಾಗಿ ಮೂಡುವುದೆಲ್ಲಿ?

ಚೌಕ ಸಣ್ಣದು ಮಾಡುವುದೆಂದರೆ ದುಬಾರಿ ಕೆಲಸ. ಬದಿ ಅರ್ಧವಾದರೆ ಚೌಕ ನಾಲ್ಕು ಪಟ್ಟು. ಒಂದೇ ಹೆಜ್ಜೆಗೆ ಗಾಳಿ ಚೌಕ ಹಾರಿ ಹೋಗಬಾರದೆಂದು ಕಾಲದ ಹೆಜ್ಜೆಯೂ ಅರ್ಧ. ಒಟ್ಟು ಎಂಟು ಪಟ್ಟು ಲೆಕ್ಕ. ಹೀಗಾಗಿ ಪ್ರತಿ ಸಲವೂ ದೊಡ್ಡ ಯಂತ್ರಕ್ಕೆ ಕಾಯಬೇಕಾಯಿತು. 2018ರಲ್ಲಿ ಪುಣೆಗೆ 'ಪ್ರತ್ಯೂಷ್', ನೋಯ್ಡಾಕ್ಕೆ 'ಮಿಹಿರ್' ಬಂದವು. ಆಗ ಚೌಕ 12 ಕಿ.ಮೀ. 2025ರ ಮೇ 26ರಂದು ಭಾರತ್ ಫೋರ್‌ಕಾಸ್ಟ್ ಸಿಸ್ಟಮ್ ಅದನ್ನು 6ಕ್ಕೆ ಇಳಿಸಿತು. ಈಗ ಅಕ್ಕಲಕೋಟೆಗೊಂದು ಚೌಕ, ಮೈಂದರ್ಗಿಗೆ ಇನ್ನೊಂದು. ಇದು ಕಂಡು ನನಗೆ ನಿಜಕ್ಕೂ ಸಂತೋಷವಾಯಿತು.

ಆದರೂ ಎಲ್ಲ ಮಳೆ ಒಂದೇ ಅಲ್ಲ. 2020ರ ಅಕ್ಟೋಬರ್ 13ರಂದು ಕಾಕಿನಾಡದ ಹತ್ತಿರ ದಡ ಹತ್ತಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನಮ್ಮ ಮೇಲೆ ಬಂತು; ಬೋರಿ ನದಿ ಉಕ್ಕಿ ತಾಲೂಕಿನ ಊರುಗಳಿಗೆ ನುಗ್ಗಿತು. ಅಷ್ಟು ದೊಡ್ಡದು ದೊಡ್ಡ ಚೌಕಕ್ಕೂ ಕಾಣುತ್ತದೆ. ಆದರೆ ನಾಲ್ಕೈದು ಕಿ.ಮೀ. ಅಗಲದ ಗುಡುಗಿನ ಮೋಡ 6 ಕಿ.ಮೀ. ಚೌಕದಲ್ಲೂ ಸರಿಯಾಗಿ ಮೂಡುವುದಿಲ್ಲ. ಅಂಥ ಮೋಡಗಳನ್ನು ಓದಲೆಂದೇ 2018-19ರಲ್ಲಿ ಪುಣೆಯ ವಿಜ್ಞಾನಿಗಳು ಸೊಲ್ಲಾಪುರದಲ್ಲಿ ರಾಡಾರ್ ಇಟ್ಟು, ವಿಮಾನ ಹಾರಿಸಿ ಮೋಡಬಿತ್ತನೆಯ ಪ್ರಯೋಗ ನಡೆಸಿದರು.

ಜಿಲ್ಲೆಯ ಹವಾಮಾನ ಸಲಹೆ ಬರುವುದು ಮರಾಠಿಯಲ್ಲಿ. ಹಾಗಾಗಿ ಉತ್ತರಿ ಮಳೆಯ ಹೊತ್ತಿಗೆ, ಜೋಳ ಬಿತ್ತುವ ಮುಂದೆ, ಓಣಿಯವರು ನನ್ನನ್ನು ಕೇಳುತ್ತಾರೆ. "ಮೂರು ದಿವಸದ ಅಂದಾಜು ನಂಬಿ ಕೂರಿಗಿ ತೆಗೀರಿ ಕಾಕಾ, ಇವತ್ತ ಸಂಜಿ ಗುಡುಗಿನ ಮಳಿ ಮಾತ್ರ ಮಧ್ಯಾಹ್ನ ರಾಡಾರ್ ನೋಡಿ ಹೇಳತೀನಿ" ಅನ್ನುತ್ತೇನೆ.