ಮರೆವಿನ ನಡುವೆ ಉಳಿದ ಹಾಡು

ಮನುಷ್ಯನಿಗೆ ಅಕ್ಷರ ಕೈಹಿಡಿಯುವ ಮುನ್ನವೇ ಹಾಡು ಕಿವಿಹೊಗುತ್ತದೆ. ಬಹುಕಾಲ ಅವನ ಜೊತೆಗೇ ಉಳಿಯುತ್ತದೆ. ಮುಪ್ಪಿನಲ್ಲಿ ಡಿಮೆನ್ಷಿಯಾ ಎಂಬ ಮರೆವಿನ ಬೇನೆ ಕವಿದವರಲ್ಲಿ ಅನೇಕರು ಮೊದಲು ಇಂದಿನ ಸಂಗತಿಗಳನ್ನು ಮರೆಯುತ್ತಾರೆ. ಬರಬರುತ್ತಾ ಮನೆಯ ದಾರಿಯೂ, ಬಾಳೆಲ್ಲ ಜೊತೆಗಿದ್ದವರ ಹೆಸರೂ ಮರೆಯುತ್ತದೆ. ತನ್ನನ್ನು ಗುರುತಿಸಲಾರದ ಪತಿಗೆ ತುತ್ತು ಉಣಿಸುವ ಪತ್ನಿಯ ದುಃಖವನ್ನು ಅಳೆಯುವವರು ಯಾರು?

ಇಂಥವರಿಗಾಗಿ 2003ರಲ್ಲಿ ಇಂಗ್ಲೆಂಡಿನ ನ್ಯೂಬರಿ ಪಟ್ಟಣದಲ್ಲಿ ಒಂದು ಗಾಯನಕೂಟ ಆರಂಭವಾಯಿತು. ಆಲ್ಝೈಮರ್ಸ್ ಸೊಸೈಟಿಯ ಆಶ್ರಯದಲ್ಲಿ ಅದು ‘ಸಿಂಗಿಂಗ್ ಫಾರ್ ದಿ ಬ್ರೈನ್’ ಎಂಬ ಹೆಸರಿನಿಂದ ಊರೂರಿಗೆ ಹಬ್ಬಿತು. ಅಲ್ಲಿ ರೋಗಿಗಳೂ ಅವರನ್ನು ನೋಡಿಕೊಳ್ಳುವವರೂ ಒಟ್ಟಿಗೆ ವೃತ್ತಾಕಾರವಾಗಿ ಕುಳಿತುಕೊಳ್ಳುತ್ತಾರೆ. ಒಬ್ಬೊಬ್ಬರ ಹೆಸರನ್ನೂ ಸೇರಿಸಿ ಸ್ವಾಗತದ ಹಾಡನ್ನು ಹಾಡುತ್ತಾರೆ. ಅನಂತರ ಅವರ ಎಳೆಯ ದಿನಗಳ ಹಾಡುಗಳು ಮೊದಲಾಗುತ್ತವೆ. ಮಾತಿಗೆ ತಡವರಿಸುವ ನಾಲಗೆ ಹಾಡಿನ ಸಾಲನ್ನು ತಪ್ಪದೆ ನುಡಿಯುವುದುಂಟು.

ಇದಕ್ಕೆ ಕಾರಣವೇನು? ಹಳೆಯ ಹಾಡುಗಳ ನೆನಪಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಆಲ್ಝೈಮರ್ ರೋಗದಲ್ಲಿ ಇತರ ಭಾಗಗಳಿಗಿಂತ ಕಡಿಮೆ ಹಾನಿಗೊಳ್ಳುತ್ತವೆಂದು ಜರ್ಮನಿಯ ಲೈಪ್ಸಿಗ್ ನಗರದ ಸಂಶೋಧಕರು 2015ರಲ್ಲಿ ಪ್ರಕಟಿಸಿದರು.

ಹಾಡು ರೋಗವನ್ನು ಗುಣಪಡಿಸಲಾರದು. ಕಳೆದ ಹೆಸರುಗಳನ್ನು ಮರಳಿ ತಂದುಕೊಡಲಾರದು. ಆದರೆ ಹಾಡುವಷ್ಟು ಹೊತ್ತು ಅಲ್ಲಿ ಆರೈಕೆ ಮಾಡುವವರು, ಮಾಡಿಸಿಕೊಳ್ಳುವವರು ಎಂಬ ಭೇದವಿರುವುದಿಲ್ಲ. ದಿನವೆಲ್ಲ ದಾದಿಯಂತೆ ದುಡಿಯುವ ಪತ್ನಿ ಆಗ ಪತಿಯೊಡನೆ ದನಿಗೂಡಿಸುವ ಸಂಗಾತಿಯಾಗುತ್ತಾಳೆ. ನೆನಪು ಬತ್ತಿದವನಲ್ಲಿಯೂ ಒಲಿದು ಸ್ಪಂದಿಸುವ ಜೀವವೊಂದು ಉಳಿದಿರುತ್ತದೆ ಎಂಬುದನ್ನು ಆ ಕೂಟ ಎಲ್ಲರಿಗೂ ತಿಳಿಸಿಕೊಡುತ್ತದೆ.